ಮದರ್‌ಬೋರ್ಡ್ ಹೋಯ್ತು ಅನ್ನೋ ಮೊದಲು ಎಸ್‌ಎಂಪಿಎಸ್ ಅಳೆದು ನೋಡಿ

ನಮಸ್ಕಾರ ಎಲ್ಲರಿಗೂ. ಇವತ್ತು ತೀರ್ಥಹಳ್ಳಿಯಲ್ಲಿದ್ದೇನೆ, ನಮ್ಮ ಅತ್ತಿಗೆಯ ಡಿಟಿಪಿ ಮತ್ತು ಜೆರಾಕ್ಸ್ ಅಂಗಡಿಯಲ್ಲಿ. ಹೊರಗೆ ಜೋರು ಮಳೆ, ಮಧ್ಯೆ ಮಧ್ಯೆ ಆ ಸದ್ದು ಕೇಳಿಸಿದರೆ ಸ್ವಲ್ಪ ಹೊಂದಿಕೊಳ್ಳಿ.

ಟೇಬಲ್ ಮೇಲೆ ಮಲಗಿಸಿರುವುದು ಅಂಗಡಿಯ ಡೆಸ್ಕ್‌ಟಾಪ್. ಪಹಣಿ ತೆಗೆಯುವುದು, ಸೇವಾ ಸಿಂಧು ಅರ್ಜಿ, ಮಕ್ಕಳ ಸ್ಕಾಲರ್‌ಶಿಪ್ ಫಾರ್ಮ್, ಮದುವೆ ಕಾರ್ಡಿನ ಟೈಪಿಂಗ್, ಎಲ್ಲವೂ ಇದರಲ್ಲೇ. ಈಗ ಕೆಲವು ವಾರಗಳಿಂದ ಇದು ಹೇಳದೆ ಕೇಳದೆ ಆಫ್ ಆಗಿ ತಾನಾಗಿಯೇ ಮತ್ತೆ ಆನ್ ಆಗುತ್ತಿದೆ. ಅರ್ಜಿ ಅರ್ಧ ತುಂಬಿರುತ್ತಾರೆ, ಒಟಿಪಿ ಬಂದಿರುತ್ತದೆ, ಅಷ್ಟರಲ್ಲಿ ಸ್ಕ್ರೀನ್ ಕಪ್ಪು. ಎದುರಿಗೆ ಹಳ್ಳಿಯಿಂದ ಬಸ್ಸು ಹಿಡಿದು ಬಂದ ಅಜ್ಜ ಕೂತಿರುತ್ತಾರೆ, ಅವರಿಗೆ ಮತ್ತೆ ಮೊದಲಿಂದ ಶುರು ಮಾಡೋಣ ಅಂತ ಹೇಳಬೇಕು.

ರಿಪೇರಿಯವರೊಬ್ಬರು ಬಂದು ನೋಡಿ, ಮದರ್‌ಬೋರ್ಡ್ ಹೋಗಿದೆ, ಈ ಬೋರ್ಡ್ ಈಗ ಸಿಗಲ್ಲ, ಹೊಸ ಸಿಸ್ಟಮ್ಮೇ ತಗೊಳ್ಳಿ ಅಂದಿದ್ದಾರೆ. ಒಂದು ಸಲವೂ ಮಲ್ಟಿಮೀಟರ್ ಹಿಡಿದಿಲ್ಲ. ನನಗೆ ಬೇಸರ ಆಗೋದು ಇಲ್ಲೇ. ಚಿಕ್ಕ ಅಂಗಡಿಯವರಿಗೆ ಹೊಸ ಕಂಪ್ಯೂಟರ್ ಅಂದರೆ ಸಣ್ಣ ಖರ್ಚಲ್ಲ. ಅಷ್ಟು ದುಡ್ಡು ಹಾಕಿಸುವ ಮೊದಲು ನಾಲ್ಕು ವೋಲ್ಟೇಜ್ ಅಳೆದು ನೋಡಬೇಕು. ಅದಕ್ಕೆ ಬೇಕಾದ ಮೀಟರ್ 300, 400 ರೂಪಾಯಿಗೆ ಸಿಗುತ್ತದೆ. ಹಾಗಾಗಿ ಈ ವಿಡಿಯೋದಲ್ಲಿ ಎಸ್‌ಎಂಪಿಎಸ್, ಅಂದರೆ ಕಂಪ್ಯೂಟರಿನ ಭಾಗಗಳಿಗೆಲ್ಲ ಕರೆಂಟ್ ಕೊಡುವ ಪವರ್ ಸಪ್ಲೈ ಡಬ್ಬಿ, ಸರಿ ಇದೆಯೋ ಇಲ್ಲವೋ ಅಂತ ಅಳೆದು ತಿಳಿಯುವುದು ಹೇಗೆ ಅನ್ನೋದನ್ನು ನಿಧಾನವಾಗಿ ತೋರಿಸುತ್ತೇನೆ.

ಸ್ಕ್ರೂಡ್ರೈವರ್ ಕೈಗೆತ್ತಿಕೊಳ್ಳುವ ಮೊದಲು ಕೇಳಬೇಕಾದ ಪ್ರಶ್ನೆ ಒಂದಿದೆ. ಯಾವಾಗ ಆಫ್ ಆಗುತ್ತೆ? ಅತ್ತಿಗೆಯನ್ನು ಕೇಳಿದೆ. "ಲೇಸರ್ ಪ್ರಿಂಟರ್ ಶುರುವಾದಾಗಲೇ ಜಾಸ್ತಿ ಕಣೋ. ಆಮೇಲೆ ಕರೆಂಟ್ ಹೋದಾಗ್ಲೂ ಅಷ್ಟೆ, ಯುಪಿಎಸ್ ಇದ್ರೂ ಆಫ್ ಆಗುತ್ತೆ ಮಾರಾಯ. ಬ್ಯಾಟರಿ ಬೇರೆ ಹೊಸದು ಹಾಕಿಸಿದೀನಿ" ಅಂದರು. ಈ ಮಾತಿನಲ್ಲೇ ಅರ್ಧ ಉತ್ತರ ಇದೆ.

ಲೇಸರ್ ಪ್ರಿಂಟರಿನೊಳಗೆ ಫ್ಯೂಸರ್ ಅಂತ ಒಂದು ಭಾಗ ಇರುತ್ತದೆ. ಟೋನರ್ ಪುಡಿಯನ್ನು ಕರಗಿಸಿ ಕಾಗದಕ್ಕೆ ಅಂಟಿಸುವುದು ಅದರ ಕೆಲಸ. ಅದು ಸುಮಾರು 200 ಡಿಗ್ರಿಯವರೆಗೆ ಕಾಯಬೇಕು, ಕಾಯುವಾಗ ಕೆಲವು ನೂರು ವ್ಯಾಟ್‌ನಷ್ಟು ಕರೆಂಟನ್ನು ಒಂದೇ ಸಲಕ್ಕೆ ಎಳೆಯುತ್ತದೆ. ಪ್ರಿಂಟ್ ಕೊಟ್ಟ ಕೂಡಲೇ ಅಂಗಡಿಯ ಲೈಟ್ ಒಂದು ಕ್ಷಣ ಮಂಕಾಗುವುದನ್ನು ನೀವೂ ನೋಡಿರುತ್ತೀರಿ, ಅಲ್ವಾ? ಅದೇ. ಆ ಹೊತ್ತಿಗೆ ಲೈನಿನ ವೋಲ್ಟೇಜ್ ಇಳಿಯುತ್ತದೆ. ಆರೋಗ್ಯವಾಗಿರುವ ಎಸ್‌ಎಂಪಿಎಸ್‌ಗೆ ಅದು ಲೆಕ್ಕಕ್ಕೇ ಬರಬಾರದು.

ಯಾಕೆ ಬರಬಾರದು ಅಂದರೆ, ಎಸ್‌ಎಂಪಿಎಸ್ ಒಳಗೆ ಒಂದು ದೊಡ್ಡ ಕೆಪಾಸಿಟರ್ ಇರುತ್ತದೆ. ಮನೆಗೆ ಬರುವ 230 ವೋಲ್ಟ್ ಎಸಿಯನ್ನು ಡಿಸಿ ಮಾಡಿ ಮೊದಲು ತುಂಬಿಸಿಡುವುದು ಅದರಲ್ಲೇ. ಮನೆಯ ಮೇಲಿನ ನೀರಿನ ಟ್ಯಾಂಕ್ ಇದ್ದ ಹಾಗೆ ಅಂದುಕೊಳ್ಳಿ, ನಲ್ಲಿಯಲ್ಲಿ ನೀರು ನಿಂತರೂ ಸ್ವಲ್ಪ ಹೊತ್ತು ಒಳಗೆ ಕೆಲಸ ನಡೆಯುತ್ತದೆ. ಇಲ್ಲಿ ಆ ಸ್ವಲ್ಪ ಹೊತ್ತು ಅಂದರೆ ತೀರಾ ಕಡಿಮೆ. ಪೂರ್ತಿ ಲೋಡ್ ಇದ್ದಾಗ ಸುಮಾರು 16 ಮಿಲಿಸೆಕೆಂಡ್ ತಡೆದುಕೊಳ್ಳಬೇಕು ಅನ್ನೋದು ಎಟಿಎಕ್ಸ್, ಅಂದರೆ ಸಾಮಾನ್ಯ ಡೆಸ್ಕ್‌ಟಾಪ್ ಮಾದರಿಯ ಎಸ್‌ಎಂಪಿಎಸ್‌ಗಳಿಂದ ನಿರೀಕ್ಷಿಸುವ ಮಟ್ಟ. ನಮ್ಮ 50 ಹರ್ಟ್ಸ್ ಕರೆಂಟಿನ ಒಂದು ಸುತ್ತು 20 ಮಿಲಿಸೆಕೆಂಡ್, ಅದಕ್ಕೆ ಹೋಲಿಸಿ ನೋಡಿ. ಅಂಗಡಿಗಳಲ್ಲಿ ಇಡುವ ಸಾಮಾನ್ಯ ಯುಪಿಎಸ್ ಬ್ಯಾಟರಿಗೆ ಬದಲಾಗಲು 10 ಮಿಲಿಸೆಕೆಂಡ್ ಒಳಗಿನ ಸಮಯ ತೆಗೆದುಕೊಳ್ಳುತ್ತದೆ. ಅಂದರೆ ಆ ಸಂದಿಯನ್ನು ದಾಟಿಸಬೇಕಾದ್ದು ಯುಪಿಎಸ್ ಅಲ್ಲ, ಈ ಕೆಪಾಸಿಟರ್. ಅದು ಒಣಗಿ ಸೊರಗಿದ್ದರೆ ಯುಪಿಎಸ್‌ಗೆ ಎಂಥ ಹೊಸ ಬ್ಯಾಟರಿ ಹಾಕಿದರೂ ಕಂಪ್ಯೂಟರ್ ಆಫ್ ಆಗಿಯೇ ಆಗುತ್ತದೆ. ಎಷ್ಟೋ ಜನ ಬ್ಯಾಟರಿ ಬದಲಿಸಿ, ಕೊನೆಗೆ ಯುಪಿಎಸ್ಸನ್ನೇ ಬದಲಿಸಿ, ಆಮೇಲೂ ತಲೆ ಕೆಡಿಸಿಕೊಂಡು ಕೂರುವುದು ಇದಕ್ಕೇ.

ವಿಂಡೋಸ್ ಏನು ಹೇಳುತ್ತೆ ಅಂತಲೂ ನೋಡೋಣ. ಅದು ಘಟನೆಗಳನ್ನು ಬರೆದಿಡುವ ಈವೆಂಟ್ ವ್ಯೂವರ್ ತೆಗೆದರೆ ಇಲ್ಲಿ ಕೆಂಪು ಗುರುತಿನ ಸಾಲು, ಕರ್ನಲ್ ಪವರ್ 41. ಇದನ್ನು ನೋಡಿದ ಕೂಡಲೇ ಪವರ್ ಸಪ್ಲೈ ಹೋಗಿದೆ ಅಂತ ತೀರ್ಮಾನ ಮಾಡಬೇಡಿ. ಸರಿಯಾಗಿ ಶಟ್‌ಡೌನ್ ಆಗದೆ ಸಿಸ್ಟಮ್ ನಿಂತುಹೋಯಿತು ಅಂತ ಅಷ್ಟೇ ಅದರ ಅರ್ಥ. ಕಾರಣ ಏನು ಅಂತ ಅದಕ್ಕೂ ಗೊತ್ತಿಲ್ಲ. ಆದರೆ ವಿಂಡೋಸ್ ಕುಸಿದಾಗ ಬರುವ ನೀಲಿ ಸ್ಕ್ರೀನಿನ ದಾಖಲೆ ಇಲ್ಲಿ ಒಂದೂ ಇಲ್ಲ. ರ‍್ಯಾಮ್ ಅಥವಾ ಡ್ರೈವರ್ ತೊಂದರೆ ಇದ್ದರೆ ಸಾಮಾನ್ಯವಾಗಿ ಒಮ್ಮೆಯಾದರೂ ನೀಲಿ ಸ್ಕ್ರೀನ್ ಬಂದಿರುತ್ತದೆ. ಹೀಗೆ ಸುಳಿವೇ ಇಲ್ಲದೆ ಪಟ್ ಅಂತ ಹೋಗುತ್ತಿದ್ದರೆ ನನ್ನ ಕಣ್ಣು ಮೊದಲು ಹೋಗುವುದು ಎಸ್‌ಎಂಪಿಎಸ್ ಕಡೆಗೆ.

ಈಗ ಕೈ ಹಾಕೋಣ. ಮೊದಲು ಹಿಂದಿನ ಕೇಬಲ್ ಕಿತ್ತು, ಆಮೇಲೆ ಪವರ್ ಬಟನ್ ಒಂದೈದು ಸೆಕೆಂಡ್ ಒತ್ತಿ ಹಿಡಿಯಿರಿ.

ಒಂದು ಮಾತು ಗಟ್ಟಿಯಾಗಿ ಹೇಳಿಬಿಡುತ್ತೇನೆ. ಎಸ್‌ಎಂಪಿಎಸ್ ಡಬ್ಬಿಯನ್ನು ಮನೆಯಲ್ಲಿ ಬಿಚ್ಚಬೇಡಿ. 230 ವೋಲ್ಟ್ ಎಸಿಯನ್ನು ಡಿಸಿ ಮಾಡಿದಾಗ ಆ ದೊಡ್ಡ ಕೆಪಾಸಿಟರಿನಲ್ಲಿ ಸುಮಾರು 325 ವೋಲ್ಟ್ ನಿಲ್ಲುತ್ತದೆ, ಆಕ್ಟಿವ್ ಪಿಎಫ್‌ಸಿ (ಲೈನಿನಿಂದ ಕರೆಂಟ್ ಎಳೆಯುವುದನ್ನು ಹದಗೊಳಿಸುವ ಸರ್ಕ್ಯೂಟ್) ಇರುವವುಗಳಲ್ಲಿ ಇನ್ನೂ ಜಾಸ್ತಿ. ಪ್ಲಗ್ ಕಿತ್ತ ಮೇಲೂ ಅದು ಒಳಗೆ ಉಳಿದಿರಬಹುದು. ಅದನ್ನು ಖಾಲಿ ಮಾಡುವ ವಿಧಾನ ಕಲಿತವರು ಬಿಚ್ಚಲಿ. ನಾವು ಹೊರಗಿನಿಂದಲೇ ಅಳೆಯೋಣ, ಅಷ್ಟರಲ್ಲೇ ನಮಗೆ ಬೇಕಾದ ಉತ್ತರ ಸಿಗುತ್ತದೆ.

ಹೊರಗಿನ ಸಣ್ಣಪುಟ್ಟದ್ದನ್ನು ಬೇಗ ಮುಗಿಸುತ್ತೇನೆ. ಪವರ್ ಕೇಬಲ್ ಬೇರೆ ಹಾಕಿ ನೋಡಿದೆ, ಎಕ್ಸ್‌ಟೆನ್ಷನ್ ಬಾಕ್ಸ್ ಬಿಟ್ಟು ನೇರವಾಗಿ ಗೋಡೆಯ ಸಾಕೆಟ್ಟಿಗೆ ಹಾಕಿದೆ, ಸಡಿಲ ಏನೂ ಇಲ್ಲ. ಕ್ಯಾಬಿನೆಟ್‌ನ ಪವರ್ ಬಟನ್ ಸಿಕ್ಕಿಹಾಕಿಕೊಂಡರೂ ಕಂಪ್ಯೂಟರ್ ಆಫ್ ಆಗುವುದುಂಟು, ಅದಕ್ಕೆ ಆ ವೈರನ್ನು ಬೋರ್ಡಿನಿಂದ ತೆಗೆದು, ಎರಡು ಪಿನ್ನುಗಳಿಗೆ ಸ್ಕ್ರೂಡ್ರೈವರ್ ತುದಿ ತಾಗಿಸಿ ಆನ್ ಮಾಡಿದೆ. ಆಗಲೂ ಅದೇ ಕತೆ. ಯುಎಸ್‌ಬಿಯಲ್ಲಿದ್ದ ಬೆರಳಚ್ಚು ಸ್ಕ್ಯಾನರ್, ವೆಬ್‌ಕ್ಯಾಮ್, ಪೆನ್‌ಡ್ರೈವ್ ಎಲ್ಲ ತೆಗೆದರೂ ಬದಲಾವಣೆ ಇಲ್ಲ.

ಈಗ ಎಲ್ಲರಿಗೂ ಗೊತ್ತಿರುವ ಪೇಪರ್‌ಕ್ಲಿಪ್ ಟೆಸ್ಟ್. ಎಸ್‌ಎಂಪಿಎಸ್‌ನಿಂದ ಬರುವ ಎಲ್ಲ ಕನೆಕ್ಟರ್‌ಗಳನ್ನೂ ಬಿಡಿಸಿದ್ದೇನೆ. ಈ ಅಗಲವಾದದ್ದು 24 ಪಿನ್ನಿನ ಕನೆಕ್ಟರ್. ಬಣ್ಣ ನೋಡಿಕೊಳ್ಳಿ. ಹಳದಿ 12 ವೋಲ್ಟ್, ಕೆಂಪು 5 ವೋಲ್ಟ್, ಕಿತ್ತಳೆ 3.3 ವೋಲ್ಟ್, ಕಪ್ಪು ಎಲ್ಲ ಗ್ರೌಂಡ್. ನೇರಳೆ ಅಂದರೆ ಸ್ಟ್ಯಾಂಡ್‌ಬೈ, ಕಂಪ್ಯೂಟರ್ ಆಫ್ ಇದ್ದಾಗಲೂ ಅದರಲ್ಲಿ 5 ವೋಲ್ಟ್ ಇರುತ್ತದೆ. ಹಸಿರು ಒಂದೇ ಒಂದು, 16ನೇ ಪಿನ್. ಅದನ್ನು ಗ್ರೌಂಡಿಗೆ ಸೇರಿಸಿದರೆ ಎಸ್‌ಎಂಪಿಎಸ್ ಆನ್ ಆಗುತ್ತದೆ, ಪವರ್ ಬಟನ್ ಒತ್ತಿದಾಗ ಮದರ್‌ಬೋರ್ಡ್ ಮಾಡುವುದೂ ಅದನ್ನೇ. ಹಸಿರಿನ ಎರಡೂ ಪಕ್ಕ, 15 ಮತ್ತು 17, ಕಪ್ಪು. ಈಗಿನ ಎಷ್ಟೋ ಹೊಸ ಎಸ್‌ಎಂಪಿಎಸ್‌ಗಳಲ್ಲಿ ವೈರ್ ಎಲ್ಲ ಕಪ್ಪು ಇರುತ್ತವೆ, ಅಂಥದ್ದಾದರೆ ಪಿನ್ ಚಿತ್ರ ಎದುರಿಗೆ ಇಟ್ಟುಕೊಂಡೇ ಎಣಿಸಿ, ಅಂದಾಜಿನ ಮೇಲೆ ತಂತಿ ಚುಚ್ಚಬೇಡಿ.

ಹೀಗೆ ಯು ಆಕಾರಕ್ಕೆ ಬಗ್ಗಿಸಿದ ಕ್ಲಿಪ್ಪನ್ನು ಹಸಿರು ಮತ್ತು ಪಕ್ಕದ ಕಪ್ಪಿಗೆ ಸಿಕ್ಕಿಸಿದೆ, ಆಮೇಲೆ ಕರೆಂಟ್ ಕೊಟ್ಟೆ. ಈ ಕ್ರಮ ಮುಖ್ಯ. ಮೊದಲು ಕ್ಲಿಪ್, ನಂತರ ಸ್ವಿಚ್. ಫ್ಯಾನ್ ತಿರುಗಿತು. ಮೀಟರ್ ನೋಡಿ. 12 ವೋಲ್ಟ್ ಸಾಲಿನಲ್ಲಿ 12.08. 5ರ ಸಾಲಿನಲ್ಲಿ 5.11. 3.3ರಲ್ಲಿ 3.34. ಸ್ಟ್ಯಾಂಡ್‌ಬೈ 5.04. ಎಲ್ಲ ಚೆನ್ನಾಗಿದೆ.

ಬಹಳ ಜನ ಇಲ್ಲಿಗೇ ನಿಲ್ಲಿಸಿ, ಎಸ್‌ಎಂಪಿಎಸ್ ಓಕೆ, ಹಾಗಾದರೆ ಬೋರ್ಡೇ ಹೋಗಿರೋದು ಅಂದುಬಿಡುತ್ತಾರೆ. ಆದರೆ ಈಗ ಇದರ ಮೇಲೆ ಲೋಡ್ ಎಲ್ಲಿದೆ? ತನ್ನ ಫ್ಯಾನ್ ಒಂದನ್ನು ತಿರುಗಿಸುವುದು ಬಿಟ್ಟು ಅದಕ್ಕೆ ಬೇರೆ ಕೆಲಸವೇ ಇಲ್ಲ. ಎಸ್‌ಎಂಪಿಎಸ್ ಪೂರ್ತಿ ಸತ್ತಿದ್ದರೆ ಪೇಪರ್‌ಕ್ಲಿಪ್ ಟೆಸ್ಟ್ ತೋರಿಸಿಕೊಡುತ್ತದೆ. ಅರ್ಧ ಜೀವ ಇಟ್ಟುಕೊಂಡಿರುವುದನ್ನು ಅದು ಹಿಡಿಯುವುದಿಲ್ಲ. ಈ ವಿಡಿಯೋದಿಂದ ಒಂದೇ ವಿಷಯ ನೆನಪಿಟ್ಟುಕೊಳ್ಳೋದಾದರೆ ಇದನ್ನೇ ಇಟ್ಟುಕೊಳ್ಳಿ. ಅಳೆಯಬೇಕಾದ್ದು ಕೆಲಸ ಮಾಡುತ್ತಿರುವಾಗ.

ಹಾಗಾಗಿ ಎಲ್ಲ ಕನೆಕ್ಟರ್ ಮತ್ತೆ ಜೋಡಿಸಿ ಕಂಪ್ಯೂಟರ್ ಆನ್ ಮಾಡಿದ್ದೇನೆ. ಖಾಲಿ ಉಳಿದಿರುವ ಈ ನಾಲ್ಕು ಪಿನ್ನಿನ ಮೋಲೆಕ್ಸ್ ಕನೆಕ್ಟರ್ ನಮಗೆ ತುಂಬ ಅನುಕೂಲ. ಮೀಟರಿನ ಕಪ್ಪು ಕಡ್ಡಿ ಕಪ್ಪು ವೈರಿನ ಕಡೆಗೆ, ಕೆಂಪು ಕಡ್ಡಿ ಹಳದಿ ವೈರಿನ ಕಡೆಗೆ. ಎರಡೂ ಕಡ್ಡಿ ಒಂದಕ್ಕೊಂದು ತಾಗದ ಹಾಗೆ ಟೇಪ್ ಸುತ್ತಿದ್ದೇನೆ, ನೀವೂ ಹಾಗೇ ಮಾಡಿ. ಮೀಟರ್ ಡಿಸಿ 20 ವೋಲ್ಟಿನಲ್ಲಿ ಇರಲಿ. ಬಯಾಸ್‌ನಲ್ಲಿಯೂ, ಅಂದರೆ ವಿಂಡೋಸ್‌ಗಿಂತ ಮೊದಲು ತೆರೆಯುವ ಬೋರ್ಡಿನ ಸೆಟ್ಟಿಂಗ್ ಸ್ಕ್ರೀನಿನಲ್ಲಿಯೂ, ವೋಲ್ಟೇಜ್ ತೋರಿಸುತ್ತದಲ್ಲ ಅಂತ ಕೇಳಬಹುದು. ಆ ಸೆನ್ಸರ್ ಎಷ್ಟೋ ಬೋರ್ಡುಗಳಲ್ಲಿ ಹೆಚ್ಚುಕಡಿಮೆ ಇರುತ್ತದೆ, ನನಗೆ ಮೀಟರ್ ಮೇಲೇ ನಂಬಿಕೆ.

ಸುಮ್ನೆ ಡೆಸ್ಕ್‌ಟಾಪ್ ಸ್ಕ್ರೀನಿನಲ್ಲಿ ಬಿಟ್ಟಾಗ 11.84. ಸರಿ, ನಡೆಯುತ್ತದೆ. 12 ವೋಲ್ಟಿಗೆ ಶೇಕಡಾ 5ರಷ್ಟು ಆಚೀಚೆ ಇರಬಹುದು. ಅಂದರೆ 11.40ರಿಂದ 12.60 ಒಳಗೆ ಇದ್ದರೆ ಸರಿ. 5 ವೋಲ್ಟಿಗೆ 4.75ರಿಂದ 5.25. 3.3ಕ್ಕೆ 3.14ರಿಂದ 3.47.

ಈಗ ಪ್ರೈಮ್95 ಅನ್ನೋ ಸಾಫ್ಟ್‌ವೇರ್ ಹಾಕಿ ಪ್ರೊಸೆಸರಿಗೆ ಪೂರ್ತಿ ಕೆಲಸ ಕೊಡುತ್ತೇನೆ. ಮೀಟರಿನ ಮೇಲೆ ಕಣ್ಣಿಡಿ. 11.7. 11.6. ಫ್ಯಾನ್ ಸದ್ದು ಏರಿತು. 11.52, 11.47 ಹತ್ತಿರ ಅಂಕಿ ಅಲುಗಾಡುತ್ತಿದೆ, ಒಂದು ಕಡೆ ನಿಲ್ಲುತ್ತಿಲ್ಲ. ಅತ್ತಿಗೆ, ಈಗ ಒಂದು ಪ್ರಿಂಟ್ ಕೊಡಿ. ಲೈಟ್ ಮಂಕಾಯಿತು, 11.28, ಹೋಯಿತು. ಸ್ಕ್ರೀನ್ ಕಪ್ಪು, ಮತ್ತೆ ಬಯಾಸ್ ಲೋಗೋ.

ಇಲ್ಲಿ ಆಗಿದ್ದೇನು ಅಂತ ಹೇಳುತ್ತೇನೆ. 24 ಪಿನ್ನಿನಲ್ಲಿ ಬೂದು ಬಣ್ಣದ ಒಂದು ವೈರ್ ಇದೆ, ಅದು ಪವರ್ ಗುಡ್. ವೋಲ್ಟೇಜ್‌ಗಳೆಲ್ಲ ಸರಿ ಇವೆ ಅಂತ ಎಸ್‌ಎಂಪಿಎಸ್ ಬೋರ್ಡಿಗೆ ಹೇಳುವುದು ಈ ವೈರಿನ ಮೂಲಕ. ಒಳಗೆ ಸಂಗತಿ ಕೆಟ್ಟಿತು ಅಂದರೆ ಎಸ್‌ಎಂಪಿಎಸ್ ಆ ಸಿಗ್ನಲ್ಲನ್ನು ಕೆಳಗಿಳಿಸುತ್ತದೆ, ಬೋರ್ಡ್ ಆ ಕ್ಷಣವೇ ರೀಸೆಟ್ ಆಗುತ್ತದೆ. ವಿಂಡೋಸ್‌ಗೆ ಏನನ್ನೂ ಬರೆದಿಟ್ಟುಕೊಳ್ಳಲು ಸಮಯ ಸಿಗುವುದಿಲ್ಲ, ನೀಲಿ ಸ್ಕ್ರೀನ್ ಬರದೆ ಇದ್ದದ್ದು ಅದಕ್ಕೇ. ಬೋರ್ಡ್ ತನ್ನ ಕೆಲಸ ಸರಿಯಾಗಿಯೇ ಮಾಡಿದೆ. ಅದರ ಮೇಲೆ ತಪ್ಪು ಹೊರಿಸಿದ್ದು ನಾವು.

ಇಷ್ಟಾದರೂ ಇನ್ನೊಂದು ಹೆಜ್ಜೆ ಬೇಕು. ಚೆನ್ನಾಗಿದೆ ಅಂತ ಗೊತ್ತಿರುವ ಬೇರೆ ಎಸ್‌ಎಂಪಿಎಸ್ ಹಾಕಿ ನೋಡಬೇಕು. ಒಂದನ್ನು ಮನೆಯಿಂದ ತಂದಿದ್ದೆ, ಕ್ಯಾಬಿನೆಟ್ಟಿನ ಹೊರಗೇ ಇಟ್ಟು ವೈರ್ ಜೋಡಿಸಿದೆ. ಅದೇ ಪ್ರೈಮ್95, ಅದೇ ಪ್ರಿಂಟರ್, ಅದೇ ಮಂಕಾಗುವ ಲೈಟ್. ಪ್ರಿಂಟ್ ಮೇಲೆ ಪ್ರಿಂಟ್ ಬಂತು, ಕಂಪ್ಯೂಟರ್ ಅಲುಗಾಡಲಿಲ್ಲ. ಯುಪಿಎಸ್ ಪ್ಲಗ್ ಎಳೆದೆ, ಬೀಪ್ ಬೀಪ್ ಅಂತ ಬ್ಯಾಟರಿಗೆ ಬದಲಾಯಿತು, ಕಂಪ್ಯೂಟರ್ ಆನ್ ಇದೆ. ಅತ್ತಿಗೆಯ ಮುಖ ನೋಡಬೇಕಿತ್ತು ನೀವು. "ಅಯ್ಯೋ, ಇಷ್ಟೇನಾ?" ಅಂದರು. ಹೌದು, ಇಷ್ಟೇ.

ಹಳೆಯದನ್ನು ಒಂದು ಸಲ ಹತ್ತಿರದಿಂದ ನೋಡೋಣ. ಬಿಚ್ಚುವುದಿಲ್ಲ, ಜಾಲರಿಯಿಂದ ಟಾರ್ಚ್ ಬಿಟ್ಟು ನೋಡಿ. ಫ್ಯಾನಿನ ರೆಕ್ಕೆಗಳ ಮೇಲೆ ಬೂದು ಬಣ್ಣದ ಮೆತ್ತೆ ಕೂತಿದೆ. ಕಾಗದದ ಧೂಳು, ಅದಕ್ಕೆ ಟೋನರ್ ಪುಡಿ ಸೇರಿದೆ, ಜೆರಾಕ್ಸ್ ಅಂಗಡಿಯಲ್ಲಿ ಇದು ತಪ್ಪಿದ್ದಲ್ಲ. ಅದರ ಹಿಂದೆ, ವೈರ್ ಗೊಂಚಲು ಹೊರಬರುವ ಜಾಗದಲ್ಲಿ ಸಾಲಾಗಿ ಸಣ್ಣ ಕೆಪಾಸಿಟರ್‌ಗಳು ನಿಂತಿವೆ. ತಲೆಯ ಮೇಲೆ ಗೀರು ಹಾಕಿದ ಹಾಗೆ ಗುರುತು ಇದೆಯಲ್ಲ, ಒತ್ತಡ ಜಾಸ್ತಿಯಾದರೆ ಅಲ್ಲಿಂದ ಬಿರಿಯಲಿ ಅಂತಲೇ ಮಾಡಿರುತ್ತಾರೆ. ಸರಿ ಇರುವುದರ ತಲೆ ಚಪ್ಪಟೆ. ಇಲ್ಲಿ ಮೂರರ ತಲೆ ಉಬ್ಬಿದೆ, ಒಂದರ ಗೀರಿನಲ್ಲಿ ಕಂದು ಬಣ್ಣದ ಕಲೆ ಹೊರಬಂದು ಒಣಗಿದೆ. ಎಲೆಕ್ಟ್ರೋಲೈಟಿಕ್ ಕೆಪಾಸಿಟರ್‌ಗೆ ದೊಡ್ಡ ಶತ್ರು ಬಿಸಿ. 10 ಡಿಗ್ರಿ ಬಿಸಿ ಹೆಚ್ಚಾದರೆ ಆಯಸ್ಸು ಸುಮಾರು ಅರ್ಧಕ್ಕೆ ಇಳಿಯುತ್ತದೆ ಅನ್ನೋದು ಈ ಕೆಲಸದವರೆಲ್ಲ ಹಿಡಿಯುವ ಲೆಕ್ಕ. ಧೂಳು ಫ್ಯಾನನ್ನು ಕಟ್ಟಿಹಾಕಿತು, ಬಿಸಿ ಏರಿತು, ಕೆಪಾಸಿಟರ್ ಒಳಗಿನ ದ್ರವ ಒಣಗಿತು. ಈ ಅಂಗಡಿಯಲ್ಲಿ ಕಂಪ್ಯೂಟರ್ ಕೂತಿದ್ದು ಜೆರಾಕ್ಸ್ ಮೆಷಿನ್ನಿನ ಪಕ್ಕದಲ್ಲೇ, ನೆಲದ ಮೇಲೆ. ಈಗ ಅದನ್ನು ಎತ್ತರಕ್ಕೆ, ಆ ಕಡೆ ಮೂಲೆಗೆ ಸರಿಸಿದ್ದೇವೆ.

ಇನ್ನು ಲೇಬಲ್. ಮೇಲೆ ದೊಡ್ಡದಾಗಿ 450 ವ್ಯಾಟ್ ಅಂತಿದೆ. ಅದನ್ನು ಬಿಟ್ಟು ಕೆಳಗಿನ ಪಟ್ಟಿಯಲ್ಲಿ 12 ವೋಲ್ಟ್ ಎದುರಿಗೆ ಏನಿದೆ ಓದಿ. 16 ಆಂಪಿಯರ್. 12 ಗುಣಿಸು 16, ಅಂದರೆ 192 ವ್ಯಾಟ್. ಇವತ್ತಿನ ಕಂಪ್ಯೂಟರಿನಲ್ಲಿ ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್, ಫ್ಯಾನ್ ಎಲ್ಲ ಓಡುವುದು ಮುಖ್ಯವಾಗಿ 12 ವೋಲ್ಟಿನ ಮೇಲೆ. ಹಾಗಾಗಿ ಇದು ಹೆಸರಿಗೆ 450, ನಮ್ಮ ಕೆಲಸಕ್ಕೆ ಸಿಗುವುದು 192. ಹಾಗಂತ ಈ ಕಂಪ್ಯೂಟರಿಗೆ ಅದು ಸಾಲದು ಅಂತಲೂ ಅಲ್ಲ. ಇದರದ್ದು ಐ3 ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಇಲ್ಲ, ಎಷ್ಟೇ ಎಳೆದರೂ 100, 120 ವ್ಯಾಟ್ ದಾಟುವುದು ಕಷ್ಟ. ಹೊಸದಾಗಿದ್ದಾಗ ಸಾಕಾಗಿತ್ತು. ಕೆಪಾಸಿಟರ್ ಸೊರಗಿದ ಮೇಲೆ ಸಾಲದಾಯಿತು. ಇದೇ ಡಬ್ಬಿಯ ಮೇಲೆ ಯಾರಾದರೂ ಗೇಮಿಂಗ್ ಕಾರ್ಡ್ ಕೂರಿಸಿದ್ದರೆ ಇಷ್ಟು ದಿನ ಬಾಳುತ್ತಲೇ ಇರಲಿಲ್ಲ.

ಹೊಸದು ತಗೊಳ್ಳುವಾಗ ಏನು ನೋಡಬೇಕು? ಬೆಂಗಳೂರಿನ ಎಸ್‌ಪಿ ರೋಡಿಗೆ ಹೋದರೂ, ಶಿವಮೊಗ್ಗದಲ್ಲೇ ತಗೊಂಡರೂ, 600, 700 ರೂಪಾಯಿಯ ಡಬ್ಬಿಗಳನ್ನು ಮೊದಲು ಮುಂದೆ ಇಡುತ್ತಾರೆ. ದಯವಿಟ್ಟು ಬೇಡ. ಕೈಯಲ್ಲಿ ಹಿಡಿದರೇ ಗೊತ್ತಾಗುತ್ತದೆ, ಹಗುರ. ಒಳಗೆ ಇರಬೇಕಾದ ಫಿಲ್ಟರ್, ದೊಡ್ಡ ಕಾಯಿಲ್, ದಪ್ಪ ಕೆಪಾಸಿಟರ್‌ಗಳಲ್ಲಿ ಎಷ್ಟೋ ಇರುವುದೇ ಇಲ್ಲ. 80 ಪ್ಲಸ್ ಗುರುತು ಇರಲಿ, 12 ವೋಲ್ಟ್ ಸಾಲಿನ ಆಂಪಿಯರ್ ಲೆಕ್ಕ ಹಾಕಿದರೆ ಒಟ್ಟು ವ್ಯಾಟಿನ ಹತ್ತಿರ ಬರಲಿ, ಕನಿಷ್ಠ ಮೂರು ವರ್ಷದ ವಾರಂಟಿ ಇರಲಿ. ಅಂಥ 450 ವ್ಯಾಟಿನದ್ದು 2000ದಿಂದ 3000 ರೂಪಾಯಿ ಒಳಗೆ ಸಿಗುತ್ತದೆ. ಆದರೆ 80 ಪ್ಲಸ್ ಹೇಳುವುದು ಎಷ್ಟು ಕರೆಂಟ್ ಪೋಲಾಗದೆ ಉಪಯೋಗಕ್ಕೆ ಬರುತ್ತದೆ ಅನ್ನೋದನ್ನು ಮಾತ್ರ, ಬಾಳಿಕೆ ಬಗ್ಗೆ ಅಲ್ಲ. ಅದಕ್ಕೇ ವಾರಂಟಿ ಎಷ್ಟು ವರ್ಷ ಅಂತಲೂ ಕೇಳಿ.

ಅತ್ತಿಗೆಗೆ ಅಂಥದ್ದೇ ಒಂದು ತಂದು ಹಾಕಿದ್ದೇವೆ. ಹಾಕುವಾಗ ಒಂದು ಎಚ್ಚರ. ಪ್ರೊಸೆಸರಿಗೆ ಹೋಗುವ 4+4 ಪಿನ್ ಕನೆಕ್ಟರ್ ಮತ್ತು ಗ್ರಾಫಿಕ್ಸ್ ಕಾರ್ಡಿನ 6+2 ಪಿನ್ ನೋಡಲು ಒಂದೇ ಥರ, ಆದರೆ ಒಳಗಿನ 12 ವೋಲ್ಟ್ ಮತ್ತು ಗ್ರೌಂಡ್ ಅದಲುಬದಲು. ಸಲೀಸಾಗಿ ಕೂರದಿದ್ದರೆ ಒತ್ತಬೇಡಿ. ಮಾಡ್ಯುಲರ್ ಆದರೆ, ಅಂದರೆ ಕೇಬಲ್‌ಗಳನ್ನು ಡಬ್ಬಿಯಿಂದ ಬಿಡಿಸಬಹುದಾದ ಥರದ್ದಾದರೆ, ಹಳೆಯ ಎಸ್‌ಎಂಪಿಎಸ್‌ನ ಕೇಬಲ್ಲನ್ನು ಹೊಸದಕ್ಕೆ ಸಿಕ್ಕಿಸಲೇಬೇಡಿ. ಡಬ್ಬಿಯ ಕಡೆಯ ಪಿನ್ ಜೋಡಣೆ ಒಂದೊಂದು ಕಂಪನಿಯದ್ದು ಒಂದೊಂದು ಥರ, ಹಾರ್ಡ್ ಡಿಸ್ಕ್ ಸುಟ್ಟುಹೋದರೆ ಅದರಲ್ಲಿರುವ ಕೆಲಸವೆಲ್ಲ ಹೋದಂತೆ.

ಈಗ ಅಳೆದರೆ ಸುಮ್ನೆ ಇದ್ದಾಗ 12.06, ಪೂರ್ತಿ ಲೋಡಿನಲ್ಲಿ 11.98. ಪ್ರಿಂಟರ್ ಶುರುವಾದರೂ ಕದಲುವುದಿಲ್ಲ. ಪ್ರಿಂಟರನ್ನು ಮಾತ್ರ ಯುಪಿಎಸ್‌ನಿಂದ ತೆಗೆದು ನೇರವಾಗಿ ಗೋಡೆಯ ಸಾಕೆಟ್ಟಿಗೆ ಹಾಕಿಸಿದ್ದೇನೆ. ಫ್ಯೂಸರ್ ಎಳೆಯುವ ಕರೆಂಟನ್ನು ಇಷ್ಟು ಚಿಕ್ಕ ಯುಪಿಎಸ್ ತಡೆದುಕೊಳ್ಳುವುದಿಲ್ಲ, ಲೇಸರ್ ಪ್ರಿಂಟರ್ ಇರುವವರೆಲ್ಲ ಇದನ್ನು ಇವತ್ತೇ ನೋಡಿಕೊಳ್ಳಿ.

ಇಲ್ಲಿ ಇನ್ನೊಂದು ಸಂಗತಿ ಸಿಕ್ಕಿತು. ಬರಿಗಾಲಲ್ಲಿ ನಿಂತು ಕ್ಯಾಬಿನೆಟ್ ಮುಟ್ಟಿದರೆ ಸಣ್ಣಗೆ ಜುಮ್ ಅನ್ನುತ್ತದೆ. ಮೀಟರನ್ನು ಎಸಿಗೆ ಹಾಕಿ ಕ್ಯಾಬಿನೆಟ್ಟಿನಿಂದ ನ್ಯೂಟ್ರಲ್‌ಗೆ ಅಳೆದೆ, 108 ವೋಲ್ಟ್. ಹೆದರಬೇಡಿ, ಇದು ಎಸ್‌ಎಂಪಿಎಸ್ ಕೆಟ್ಟಿದ್ದರಿಂದ ಬಂದಿದ್ದಲ್ಲ, ಹೊಸದರಲ್ಲೂ ಇದೆ. ಎಸ್‌ಎಂಪಿಎಸ್‌ನ ಫಿಲ್ಟರಿನಲ್ಲಿ ಫೇಸ್‌ನಿಂದ ಒಂದು, ನ್ಯೂಟ್ರಲ್‌ನಿಂದ ಒಂದು ಪುಟ್ಟ ಕೆಪಾಸಿಟರ್ ಬಾಡಿಗೆ ಸೇರಿರುತ್ತದೆ. ಅರ್ಥಿಂಗ್ ಇದ್ದರೆ ಅಲ್ಲಿಗೆ ಬರುವ ಅಷ್ಟಿಷ್ಟು ಕರೆಂಟ್ ಭೂಮಿಗೆ ಇಳಿದುಹೋಗುತ್ತದೆ. ಇಲ್ಲದಿದ್ದರೆ 230ರ ಅರ್ಧದಷ್ಟು ವೋಲ್ಟ್ ಬಾಡಿಯ ಮೇಲೆ ನಿಂತುಕೊಳ್ಳುತ್ತದೆ. ಆ ಕರೆಂಟ್ ತೀರಾ ಕಡಿಮೆ, ಆದರೆ ಸಂದೇಶ ಸ್ಪಷ್ಟ. ಈ ಸಾಕೆಟ್ಟಿನ ಮೂರನೇ ತೂತು ಭೂಮಿಗೆ ಸೇರಿಲ್ಲ. ನಾಳೆ ಯಾವುದಾದರೂ ಮೆಷಿನ್ನಿನಲ್ಲಿ ನಿಜವಾಗಿಯೂ ಫೇಸ್ ಬಾಡಿಗೆ ತಾಗಿದರೆ ಕಾಪಾಡಬೇಕಾದ ದಾರಿಯೇ ಇಲ್ಲ. ಮಳೆಗಾಲದಲ್ಲಿ, ಒದ್ದೆ ಚಪ್ಪಲಿ ಹಾಕಿಕೊಂಡು ಜನ ಬಂದು ಹೋಗುವ ಅಂಗಡಿಯಲ್ಲಿ ಇದನ್ನು ಹಾಗೇ ಬಿಟ್ಟು ಹೋಗಲು ನನಗೆ ಮನಸ್ಸಾಗಲಿಲ್ಲ.

ಎಲೆಕ್ಟ್ರಿಷಿಯನ್‌ಗೆ ಅತ್ತಿಗೆ ಈಗಲೇ ಫೋನ್ ಮಾಡಿದ್ದಾರೆ, ಮಳೆ ಒಂದು ಗಳಿಗೆ ಬಿಟ್ಟರೆ ಹಿತ್ತಲಲ್ಲಿ ಗುಂಡಿ ತೆಗೆದು ಅರ್ಥಿಂಗ್ ಮಾಡಿಸುತ್ತಾರೆ. ಅದನ್ನು ಬೇರೆ ವಿಡಿಯೋದಲ್ಲಿ ತೋರಿಸುತ್ತೇನೆ. ಹಳೆಯ ಎಸ್‌ಎಂಪಿಎಸ್ ಇ-ವೇಸ್ಟ್ ತಗೊಳ್ಳುವವರಿಗೆ ಹೋಗುತ್ತದೆ, ಯಾರಾದರೂ ಕೇಳಿದರೂ ಕೊಡುವುದಿಲ್ಲ. ನಿಮ್ಮ ಕಂಪ್ಯೂಟರಿನಲ್ಲೂ ಇಂಥ ತೊಂದರೆ ಇದ್ದರೆ ಸುಮ್ನೆ ಇದ್ದಾಗಿನ 12 ವೋಲ್ಟ್, ಲೋಡ್ ಕೊಟ್ಟಾಗಿನ 12 ವೋಲ್ಟ್, ಲೇಬಲ್ಲಿನಲ್ಲಿರುವ ಆಂಪಿಯರ್, ಇವು ಮೂರನ್ನೂ ಕೆಳಗೆ ಬರೆಯಿರಿ. ನೋಡಿ ಉತ್ತರ ಕೊಡುತ್ತೇನೆ.